ನಮ್ಮ ಶಾಲೆಗೆ ಬಂದ ನಾಲ್ಕು ದಾರಿಗಳು

ಸುವರ್ಣ ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ಸ್ಮರಣ ಸಂಚಿಕೆಗೆ ನೀನೂ ಏನಾದ್ರೂ ಬರೀಬೇಕು ಕಣಪ್ಪ" ಎಂದಾಗ ಏನು ಬರೆಯಲಿ ಎಂದು ತೋಚಲಿಲ್ಲ. ಶಾಲೆ ಹೇಗೆ ಶುರುವಾಯಿತು, ಜಾಗ ಕೊಟ್ಟವರು ಯಾರು, ಮೊದಲ ಕೊಠಡಿಗೆ ಹೆಂಚು ಹೊದಿಸಿದ್ದು ಯಾವಾಗ ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ನಾನು 2004ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಇತಿಹಾಸ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಈ ಐವತ್ತು ವರ್ಷಗಳಲ್ಲಿ ಯಾರೂ ಬರೆದಿಡದ ಒಂದು ಸಂಗತಿ ಉಂಟು: ನಾವೆಲ್ಲ ಈ ಶಾಲೆಗೆ ಯಾವ ದಾರಿಯಲ್ಲಿ ಬಂದೆವು ಎಂಬುದು.

ಇದು ನನ್ನ ತಲೆಗೆ ಹೊಕ್ಕಿದ್ದು ಕಳೆದ ವರ್ಷದ ಹಳೆಯ ವಿದ್ಯಾರ್ಥಿಗಳ ಸಭೆಯ ದಿನ. ಸಭೆ ಮುಗಿದು ಕಾಫಿ ಕುಡಿಯುವಾಗ ಈಗಿನ ಪಿ.ಟಿ. ಮೇಷ್ಟ್ರು ಮಾತಿಗೆ ಸಿಕ್ಕರು. ತಾಲ್ಲೂಕು ಕ್ರೀಡಾಕೂಟದಲ್ಲಿ ನಮ್ಮ ಶಾಲೆಗೆ ಉದ್ದ ಓಟದಲ್ಲಿ ಬಹುಮಾನ ಬಂದು ಎಷ್ಟೋ ವರ್ಷವಾಯಿತಂತೆ. "ಮಕ್ಕಳಲ್ಲಿ ಕಸುವು ಇಲ್ಲ ಅಂತ ಅಲ್ಲ ಸಾರ್. ಓಡ್ಸಕ್ಕೆ ಜಾಗ ಇಲ್ಲ. ಮೈದಾನ ಚಿಕ್ಕದು, ರಸ್ತೆ ಮೇಲೆ ಓಡ್ಸಿದ್ರೆ ಲಾರಿ ಭಯ. ನೀವೆಲ್ಲಾ ಓಡ್ತಿದ್ರಂತಲ್ಲ, ಆ ದಾರಿ ಈಗ ಎಲ್ಲೈತೆ ಹೇಳಿ?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ನಾನೇ ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ನೆಮ್ಮದಿಯಾಗಿ ಓಡಲೆಂದು ಹನ್ನೆರಡು ಕಿಲೋಮೀಟರ್ ಕಾರು ಓಡಿಸಿಕೊಂಡು ಕಬ್ಬನ್ ಪಾರ್ಕಿಗೆ ಹೋಗುವವನು. ಓಡುವುದಕ್ಕೆ ಕಾರು ಬೇಕಾದ ಸ್ಥಿತಿ ಪಟ್ಟಣದವರಿಗೆ ಬಂದದ್ದು ನನಗೆ ಆಶ್ಚರ್ಯವಲ್ಲ. ಅದು ನಮ್ಮೂರಿಗೂ ಬಂದಿದೆ ಎಂದು ತಿಳಿದಾಗ ಮನಸ್ಸಿಗೆ ಕಸಿವಿಸಿಯಾಯಿತು.

ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಊರಿಗೆ ಬಂದು ಹಳೆಯ ದಾರಿಗಳನ್ನು ಹುಡುಕಿದೆ. ಅದರ ವರದಿ ಇದು.

ನನ್ನ ಕಾಲದಲ್ಲಿ ಶಾಲೆಗೆ ನಾಲ್ಕು ದಾರಿಗಳಿದ್ದವು. ಪಡುವಲ ಕಡೆಯ ನಮ್ಮೂರಿನಿಂದ ಬರುವ ಬಂಡಿದಾರಿ ಒಂದು. ಬಡಗಲ ಕಡೆಯ ಊರುಗಳಿಂದ ಬರುವ ನಾಲೆ ಏರಿ ಎರಡನೆಯದು. ನಾಲೆಯಾಚೆಯವರು ಗದ್ದೆ ಬದುವಿನ ಮೇಲೆ ನಡೆದು, ಕಲ್ಲುಚಪ್ಪಡಿಯ ಸಂಕ ದಾಟಿ ಬರುತ್ತಿದ್ದ ಕಾಲುದಾರಿ ಮೂರನೆಯದು. ಬಸ್ಸು ಓಡಾಡುವ ಟಾರು ರಸ್ತೆ ನಾಲ್ಕನೆಯದು. ಇವತ್ತು ನಮ್ಮ ಮಕ್ಕಳು ಬಳಸುತ್ತಿರುವುದು ಈ ನಾಲ್ಕನೆಯದೊಂದನ್ನೇ.

ಮೊದಲು ಬಂಡಿದಾರಿಯ ಮಾತು. ಇದು ಶಾಲೆಗಿಂತ ತುಂಬಾ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಭೂಮಾಪನದ ಕೆಲಸ 1863ರಲ್ಲಿ ಆರಂಭವಾಯಿತು. ಊರಿಂದೂರಿಗೆ ಸರಪಳಿ ಹಿಡಿದು ಹೊಲಗಳನ್ನು ಅಳೆದು, ಒಂದೊಂದಕ್ಕೂ ಸರ್ವೆ ನಂಬರು ಕೊಟ್ಟು, ಗಡಿಗಳಿಗೆ ಕಲ್ಲು ನೆಟ್ಟರು. ಅಳೆಯುತ್ತಿದ್ದ ಸರಪಳಿ 33 ಅಡಿ ಉದ್ದದ್ದು. ಅದನ್ನು ರೂಪಾಯಿಯಂತೆ ಹದಿನಾರು ಆಣೆಗಳಾಗಿ ಭಾಗ ಮಾಡಿದ್ದರು. 33 ಅಡಿಗೆ 33 ಅಡಿಯ ಚೌಕವೇ ಒಂದು ಗುಂಟೆ. ಅಂಥ ನಲವತ್ತು ಚೌಕ ಸೇರಿದರೆ ಒಂದು ಎಕರೆ. ನಾವು ದಿನಾ ಬಾಯಲ್ಲಿ ಹೇಳುವ ಗುಂಟೆ ಲೆಕ್ಕದ ಹಿಂದೆ ಒಂದು ಕಬ್ಬಿಣದ ಸರಪಳಿ ಇದೆ ಎಂದು ನನಗೆ ಮೂವತ್ತೈದು ದಾಟುವವರೆಗೂ ಗೊತ್ತಿರಲಿಲ್ಲ.

ಹಾಗೆ ಅಳೆದವರು ಹೊಲಗಳನ್ನಷ್ಟೇ ಬರೆಯಲಿಲ್ಲ. ಕೆರೆ, ಹಳ್ಳ, ಗುಂಡುತೋಪು, ಸ್ಮಶಾನ, ಜೊತೆಗೆ ಬಂಡಿದಾರಿ ಮತ್ತು ಕಾಲುದಾರಿಗಳನ್ನೂ ಗ್ರಾಮದ ನಕಾಶೆಯಲ್ಲಿ ಗೆರೆ ಹಾಕಿ ತೋರಿಸಿದರು. ಅದಕ್ಕೇ ನಮ್ಮ ಕಡೆ ಜಗಳ ಬಂದಾಗ ಹಿರಿಯರು "ನಕಾಶೆ ಕಂಡ ದಾರಿಯೋ, ರೂಢಿ ದಾರಿಯೋ?" ಎಂದು ಕೇಳುವುದು. ನಕಾಶೆಯಲ್ಲಿದ್ದರೆ ಅದು ಯಾರ ಸ್ವಂತದ್ದೂ ಅಲ್ಲ, ಎಲ್ಲರದು. ನಕಾಶೆಯಲ್ಲಿಲ್ಲದೆ, ಜನ ನಡೆದೂ ನಡೆದೂ ಬಿದ್ದದ್ದು ರೂಢಿ ದಾರಿ.

ಈಗ ಗ್ರಾಮ ನಕಾಶೆಗಳನ್ನು ಭೂಮಾಪನ ಇಲಾಖೆಯ ಜಾಲತಾಣದಲ್ಲೇ ನೋಡಬಹುದು. ಶಾಲೆಯ ಊರು ಮತ್ತು ನಮ್ಮೂರು ಎರಡರ ನಕಾಶೆಯನ್ನೂ ಇಳಿಸಿಕೊಂಡು, ಅಕ್ಕಪಕ್ಕ ಇಟ್ಟು ನೋಡಿದೆ. ನಮ್ಮ ಬಂಡಿದಾರಿ ಅಲ್ಲಿತ್ತು. ನಮ್ಮೂರಿನ ಮಾರಿಗುಡಿಯ ಹಿಂದಿನಿಂದ ಹೊರಟು, ಹುಣಸೆತೋಪಿನ ಅಂಚು ಹಿಡಿದು, ಈಗ ಶಾಲೆಯ ಹಿಂದಿನ ಕಾಂಪೌಂಡ್ ಇರುವ ಜಾಗಕ್ಕೆ ಬಂದು ಸೇರುವ ಜೋಡಿ ಗೆರೆ. ನಾನು ಹತ್ತನೇ ತರಗತಿಯವರೆಗೆ ನಡೆದದ್ದು, ಒಳಪೆಡಲ್ ಹೊಡೆದು ಸೈಕಲ್ ಕಲಿತದ್ದು, ಪಿ.ಟಿ. ಮೇಷ್ಟ್ರ ಸೀಟಿಗೆ ಓಡಿದ್ದು ಅದರ ಮೇಲೆಯೇ.

ಎರಡನೆಯದು ನಾಲೆ ಏರಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದದ್ದು, ಅದರ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರು ಇದ್ದದ್ದು ಮಂಡ್ಯ ಸೀಮೆಯ ಪ್ರತಿ ಮಗುವಿಗೂ ಗೊತ್ತು. ಕಟ್ಟೆಯ ನೀರನ್ನು ನಮ್ಮ ಕಡೆಗೆ ತಂದ ನಾಲೆ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗಿನದು. ಆಗಿನ ವೈಸರಾಯ್ ಹೆಸರಿನಿಂದ ಅದನ್ನು ಇರ್ವಿನ್ ನಾಲೆ ಎಂದು ಕರೆದರು. ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ಗುಡ್ಡ ಅಡ್ಡ ಬಂದ ಕಡೆ, ಹುಲಿಕೆರೆಯಲ್ಲಿ, ಸುರಂಗ ಕೊರೆದು ನೀರು ದಾಟಿಸಿದರು. ರಾಗಿ, ಹುರುಳಿ ಬೆಳೆಯುತ್ತಿದ್ದ ಸೀಮೆ ಭತ್ತ, ಕಬ್ಬಿನ ಸೀಮೆಯಾಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ.

ನಾಲೆಯ ಬಗ್ಗೆ ಎಂಜಿನಿಯರಿಂಗ್ ಓದಿದ ಮೇಲೆ ನನಗೆ ಅರ್ಥವಾದ ಒಂದು ಮಾತಿದೆ. ನೀರಿಗೆ ಏರು ಹತ್ತಲು ಬರುವುದಿಲ್ಲ. ತೀರಾ ಇಳಿಜಾರು ಕೊಟ್ಟರೆ ಏರಿ ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿ, ದಿಣ್ಣೆಗಳನ್ನು ಬಳಸಿಕೊಂಡು, ಒಂದೇ ಮಟ್ಟ ಹಿಡಿದು ನಾಲೆಯನ್ನು ತರಬೇಕು. ನೀರಿಗಾಗಿ ಹಿಡಿದ ಆ ಮಟ್ಟವೇ ಏರಿಯ ಮೇಲೆ ಸೈಕಲ್ ತುಳಿಯುವವನಿಗೂ ಸಿಗುತ್ತದೆ. ಇಲಾಖೆಯವರು ನಾಲೆ ತಪಾಸಣೆಗೆಂದು ಏರಿಯ ಮೇಲೆ ದಾರಿ ಬಿಟ್ಟರು. ನೀರುಗಂಟಿಗಳು ಅದರ ಮೇಲೆ ಓಡಾಡಿದರು. ಅವರ ಹಿಂದೆ ನಮ್ಮ ಶಾಲೆಯ ಮಕ್ಕಳು ಬಂದರು. ಬಡಗಲ ಊರುಗಳಿಂದ ಬರುತ್ತಿದ್ದ ಸಹಪಾಠಿಗಳು ಎಂದೂ ಏದುಸಿರು ಬಿಡುತ್ತಾ ಬಂದವರಲ್ಲ. ದಿಣ್ಣೆ ಹತ್ತಿ ಬರುತ್ತಿದ್ದ ನಾವು ಅವರನ್ನು ಸೋಮಾರಿಗಳು ಎಂದು ಆಡಿಕೊಳ್ಳುತ್ತಿದ್ದೆವು. ಅವರು ಬರುತ್ತಿದ್ದದ್ದು ಮಟ್ಟಸ ದಾರಿಯಲ್ಲಿ, ಅಷ್ಟೇ.

ಟಾರು ರಸ್ತೆ ಮೊದಲಿನಿಂದಲೂ ಇತ್ತು. ನಾನು ಓದುವಾಗ ಅದರ ಮೇಲೆ ಗಂಟೆಗೊಂದು ಬಸ್ಸು, ಸುಗ್ಗಿಯಲ್ಲಿ ಕಬ್ಬಿನ ಗಾಡಿಗಳ ಸಾಲು. ಸೈಕಲ್ ಇದ್ದವರು ತರಗತಿಗೆ ಐದಾರು ಮಂದಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದಿತು. ನನ್ನ ತಂಗಿಗೂ ಒಂದು ಬಂತು. ನಮ್ಮವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಹೊರಡಿಸಿದ್ದು ನೆನಪಿದೆ. ಶಾಲೆಯ ಮುಂದೆ ಸಾಲಾಗಿ ಸೈಕಲ್ ನಿಂತದ್ದನ್ನು ನೋಡಿದರೆ ಹೆಮ್ಮೆಯಾಗುತ್ತಿತ್ತು.

ಆದರೆ ಸೈಕಲ್ ಬಂದ ಹೊತ್ತಿನಲ್ಲೇ ರಸ್ತೆಯೂ ಬದಲಾಯಿತು. ಮನೆಮನೆಗೆ ಬೈಕು ಬಂತು. ಜಲ್ಲಿ, ಮರಳು, ಇಟ್ಟಿಗೆ ತುಂಬಿದ ಲಾರಿಗಳು ಬಂದವು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್, ಎತ್ತಿನಗಾಡಿಗಳನ್ನು ನಿಷೇಧಿಸಿದರು. ವೇಗದ ರಸ್ತೆಯಲ್ಲಿ ನಿಧಾನದ ವಾಹನ ಇರಬಾರದು ಎಂಬುದು ಸರಿಯಾದ ಮಾತೇ. ಆದರೆ ನಿಧಾನದವರು ಎಲ್ಲಿಗೆ ಹೋಗಬೇಕು? ಪಕ್ಕದ ಸರ್ವೀಸ್ ರಸ್ತೆಗೆ, ಅಲ್ಲಿಂದ ನಮ್ಮಂಥ ಊರುಗಳ ರಸ್ತೆಗೆ. ನನ್ನ ತಂಗಿಯ ಸೈಕಲ್ ಮೂರು ವರ್ಷ ಬಾಳಿತು. ಈಗ ಅವಳ ಮಗಳಿಗೆ ಸೈಕಲ್ ಕೊಡಿಸಿದ್ದಾರೆ, ಆದರೆ ಅಂಗಳ ದಾಟಿಸುವುದಿಲ್ಲ. "ರೋಡಿಗೆ ಬುಡಕ್ಕಾದದಾ ಅಣ್ಣಯ್ಯ?" ಎನ್ನುತ್ತಾಳೆ. ತಪ್ಪೆನ್ನಲು ನನಗೆ ಬಾಯಿಲ್ಲ.

ಇನ್ನು ಮೂರನೆಯ ದಾರಿ. ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿ, ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾವು ಒಂಬತ್ತನೇ ತರಗತಿಯಲ್ಲಿದ್ದಾಗ ಮಳೆಗಾಲದಲ್ಲಿ ಆ ಕಲ್ಲುಚಪ್ಪಡಿಯ ಸಂಕ ಮುರಿಯಿತು. ನಾಲೆಯಾಚೆಯ ಊರಿನಿಂದ ನಮ್ಮ ತರಗತಿಗೆ ಮೂವರು ಹೆಣ್ಣುಮಕ್ಕಳು ಬರುತ್ತಿದ್ದರು. ಸಂಕ ಇದ್ದಾಗ ಅವರಿಗೆ ಶಾಲೆ ಎರಡು ಕಿಲೋಮೀಟರ್. ಮುರಿದ ಮೇಲೆ ಟಾರು ರಸ್ತೆಯ ಸೇತುವೆ ಬಳಸಿ ಬರಬೇಕು, ಐದೂವರೆ ಕಿಲೋಮೀಟರ್. ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಹೊರಟರೆ ಕತ್ತಲಾಗುತ್ತಿತ್ತು. ಒಬ್ಬಳು ನೆಂಟರ ಮನೆಯಲ್ಲಿ ಉಳಿದು ಓದಿದಳು. ಇಬ್ಬರು ಶಾಲೆ ಬಿಟ್ಟರು. ಅವರಲ್ಲೊಬ್ಬಳು ಗಣಿತದಲ್ಲಿ ನನಗಿಂತ ಮುಂದಿದ್ದವಳು. ಬೀಜಗಣಿತದ ಲೆಕ್ಕ ಅರ್ಥವಾಗದಿದ್ದರೆ ಮೇಷ್ಟ್ರು "ಅವಳ ಪುಸ್ತಕ ನೋಡ್ಕೊಳ್ಳೋ" ಎನ್ನುತ್ತಿದ್ದರು.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆ ವರ್ಷದ ದಾಖಲಾತಿ ಪುಸ್ತಕ ನೋಡಿದೆ. ಶಾಲೆ ಬಿಟ್ಟ ಕಾರಣದ ಕಾಲಂನಲ್ಲಿ ಇಬ್ಬರ ಹೆಸರಿನ ಮುಂದೆಯೂ "ಮನೆಯ ಸಮಸ್ಯೆ" ಎಂದಿದೆ. ಸಂಕ ಎಂದು ಬರೆದಿಲ್ಲ. ಬರೆದವರ ತಪ್ಪಲ್ಲ, ದಾರಿ ಇಲ್ಲದಿರುವುದೂ ಒಂದು ಕಾರಣ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ದಾರಿ ಹುಡುಕುತ್ತಾ ನಾಲೆಯಾಚೆಗೆ ಹೋದಾಗ ಅವಳ ಮನೆಗೂ ಹೋಗಿದ್ದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು ಎದ್ದು ಬಂದು, "ಏನಪ್ಪಾ ಇಂಜಿನಿಯರ್ರು, ಇಷ್ಟು ದೂರ?" ಎಂದು ನಕ್ಕಳು. ನಾನು ಮೊಬೈಲಿನಲ್ಲಿ ನಕ್ಷೆ ತೋರಿಸಿ ಕಾಲುದಾರಿ ಎಲ್ಲಿತ್ತು ಎಂದು ಕೇಳಿದೆ. ಅವಳು ಮೊಬೈಲ್ ನೋಡಲೇ ಇಲ್ಲ. ಸೆರಗು ಬಿಗಿದು ಮುಂದೆ ನಡೆದಳು. ಇಪ್ಪತ್ತೆರಡು ವರ್ಷದ ಹಿಂದಿನ ದಾರಿಯನ್ನು ಒಂದು ತಿರುವೂ ತಪ್ಪದೆ ಸಂಕದ ತನಕ ತೋರಿಸಿದಳು. ಅಲ್ಲಿ ಈಗ ರೈತರು ಎರಡು ತೆಂಗಿನ ದಿಮ್ಮಿ ಹಾಕಿಕೊಂಡಿದ್ದಾರೆ. "ಗಂಡಸ್ರು ದಾಟ್ತಾರೆ, ಹುಲ್ಲು ಹೊರೆ ಹೊತ್ಕೊಂಡು ನಾನೂ ದಾಟ್ತೀನಿ. ಮಗಳ್ನ ಮಾತ್ರ ದಾಟ್ಸಲ್ಲ" ಎಂದಳು. ಅವಳ ಮಗಳು ಈಗ ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. ದಿನಾ ಆಟೋದಲ್ಲಿ ಬರುತ್ತಾಳೆ. ಆಟೋ ಬಾರದ ದಿನ ಹಾಜರಿ ಇಲ್ಲ.

ಈಗ ನಾನು ದಾರಿ ಹುಡುಕಿದ ಬಗೆ ಹೇಳುತ್ತೇನೆ. ಇದು ಯಾವ ಊರಿನವರಿಗೂ ಉಪಯೋಗಕ್ಕೆ ಬರಬಹುದು.

ಮೊಬೈಲ್ ನಕ್ಷೆಯಲ್ಲಿ ನಮ್ಮೂರಿನಿಂದ ಶಾಲೆಗೆ ದಾರಿ ಕೇಳಿದರೆ ಅದು ಟಾರು ರಸ್ತೆಯನ್ನೇ ತೋರಿಸುತ್ತದೆ. ಏಕೆ? ಕಂಪ್ಯೂಟರ್ ದಾರಿ ಹುಡುಕುವ ವಿಧಾನದ ಮೂಲ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1956ರಲ್ಲಿ ಯೋಚಿಸಿದ್ದು. ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ಸಿಲ್ ಇಲ್ಲದೆ, ಇಪ್ಪತ್ತು ನಿಮಿಷದಲ್ಲಿ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಅದರ ಸಾರ ಸರಳ: ಪ್ರತಿ ದಾರಿಯ ತುಂಡಿಗೂ ಒಂದು ಬೆಲೆ ಕಟ್ಟಬೇಕು, ಒಟ್ಟು ಬೆಲೆ ಯಾವುದರಲ್ಲಿ ಕಡಿಮೆಯೋ ಅದೇ ಉತ್ತರ. ಬೆಲೆಯನ್ನು ಸಮಯದಲ್ಲಿ ಕಟ್ಟಿದರೆ ಹೆದ್ದಾರಿ ಗೆಲ್ಲುತ್ತದೆ. ಲಾರಿಯ ಭಯಕ್ಕೂ ಬೆಲೆ ಕಟ್ಟಿದರೆ ನಾಲೆ ಏರಿ ಗೆಲ್ಲುತ್ತದೆ. ಯಂತ್ರಕ್ಕೆ ತನ್ನದೇ ಇಷ್ಟಾನಿಷ್ಟ ಇಲ್ಲ. ಯಾರಿಗಾಗಿ ಹುಡುಕುತ್ತಿದ್ದೇವೆ ಎಂಬುದನ್ನು ನಾವು ಹೇಳಬೇಕು. ಕಾರಿನವರಿಗೆ ಎಂದು ಹೇಳಿಟ್ಟ ನಕ್ಷೆಯನ್ನು ಹಿಡಿದು ಹದಿಮೂರು ವರ್ಷದ ಹುಡುಗಿಗೆ ದಾರಿ ಹುಡುಕುತ್ತಿದ್ದೇವೆ.

ಇನ್ನೊಂದು ತೊಡಕೆಂದರೆ ನಕ್ಷೆಯಲ್ಲೇ ಇಲ್ಲದ ದಾರಿಗೆ ಬೆಲೆ ಕಟ್ಟುವುದು ಹೇಗೆ? ನಮ್ಮ ಬಂಡಿದಾರಿ ಮೊಬೈಲ್ ನಕ್ಷೆಯಲ್ಲಿ ಇರಲಿಲ್ಲ. ಇದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಸಹಾಯಕ್ಕೆ ಬಂತು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬುವರು ಶುರು ಮಾಡಿದ್ದು. ಯಾರು ಬೇಕಾದರೂ ತಮ್ಮೂರಿನ ದಾರಿಯನ್ನು ಅದರಲ್ಲಿ ಸೇರಿಸಬಹುದು. ಕಾಲುದಾರಿ, ಬಂಡಿದಾರಿ, ಸೈಕಲ್ ದಾರಿ ಎಂದು ಬೇರೆಬೇರೆಯಾಗಿ ಗುರುತು ಹಾಕಬಹುದು. ಜೇಬಿನಲ್ಲಿರುವ ಮೊಬೈಲಿಗೆ ಉಪಗ್ರಹದ ಸಂಕೇತದಿಂದ ನಾವು ನಿಂತ ಜಾಗ ಗೊತ್ತಾಗುತ್ತದೆ. 2000ನೇ ಇಸವಿಯ ಮೇ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಈ ಸಂಕೇತವನ್ನು ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು. ಆಗ ನೂರು ಮೀಟರಿನಷ್ಟು ತಪ್ಪಾಗುತ್ತಿತ್ತು. ಗದ್ದೆ ಬದುವೂ ಟಾರು ರಸ್ತೆಯೂ ಒಂದೇ ಆಗಿ ಕಾಣುತ್ತಿದ್ದವು. ಈಗ ಬಯಲಿನಲ್ಲಿ ನಿಂತರೆ ಕೆಲವೇ ಮೀಟರಿನ ತಪ್ಪು. ನಾನು ನಡೆದೆ, ಮೊಬೈಲ್ ಗೆರೆ ಎಳೆಯಿತು, ರಾತ್ರಿ ಕುಳಿತು ಅದನ್ನು ನಕ್ಷೆಗೆ ಏರಿಸಿದೆ. ಜೊತೆಗೆ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ನೋಡಿ, ಹಳೆಯ ನಕಾಶೆಯೊಂದಿಗೆ ತಾಳೆ ಹಾಕಿದೆ.

ಇಷ್ಟೆಲ್ಲ ಇದ್ದರೂ ಕೊನೆಗೆ ದಾರಿ ತೋರಿಸಿದವರು ಜನರೇ. ದನ ಮೇಯಿಸುವವರು, ಹಾಲಿನ ಡೈರಿಗೆ ಕ್ಯಾನ್ ಹೊರುವವರು, ನಿವೃತ್ತರಾದ ಒಬ್ಬ ನೀರುಗಂಟಿ. ವಾಹನವಿಲ್ಲದ ದಾರಿ ಬೇಕಾದರೆ ವಾಹನವಿಲ್ಲದವರನ್ನು ಕೇಳಬೇಕು ಎಂಬುದೇ ನಾನು ಕಲಿತ ಮೊದಲ ಪಾಠ.

ಹೀಗೆ ನಕಾಶೆ, ದಿಶಾಂಕ್, ಹಿರಿಯರ ಮಾತು ಮೂರನ್ನೂ ಹಿಡಿದು ಬಂಡಿದಾರಿಯಲ್ಲಿ ಹೊರಟೆ. ಹುಣಸೆತೋಪಿನ ತನಕ ದಾರಿ ಚೆನ್ನಾಗಿತ್ತು. ಆಮೇಲೆ ಹದಿನೈದು ಅಡಿ ಇದ್ದದ್ದು ಹತ್ತಾಯಿತು, ಐದಾಯಿತು, ಬದುವಾಯಿತು, ಒಂದು ಕಬ್ಬಿನ ಗದ್ದೆಯ ಮುಂದೆ ಪೂರ್ತಿ ನಿಂತಿತು. ಆ್ಯಪ್ ತೆಗೆದು ಸರ್ವೆ ನಂಬರು ನೋಡಿದೆ. ಪಹಣಿಯಲ್ಲಿ ಇರುವುದು ನಮ್ಮಪ್ಪನ ಹೆಸರು.

ಗದ್ದೆ ನಮ್ಮದು ಎಂದು ಗೊತ್ತಿತ್ತು. ದಾರಿಯನ್ನು ತಿಂದವರಲ್ಲಿ ನಾವೂ ಒಬ್ಬರು ಎಂದು ಗೊತ್ತಿರಲಿಲ್ಲ. ಯಾರೂ ಒಂದೇ ದಿನದಲ್ಲಿ ಒತ್ತಿದ್ದಲ್ಲ. ಬಂಡಿಗಳು ನಿಂತವು, ಟ್ರ್ಯಾಕ್ಟರ್ ಬೇರೆ ಕಡೆಯಿಂದ ಬರತೊಡಗಿತು, ಮಕ್ಕಳು ಆಟೋ ಹತ್ತಿದರು. ಯಾರೂ ನಡೆಯದ ನೆಲದಲ್ಲಿ ಪಾರ್ಥೇನಿಯಂ ಬೆಳೆಯುವುದಕ್ಕಿಂತ ಕಬ್ಬು ಬೆಳೆಯಲಿ ಎಂದು ಪ್ರತಿ ಉಳುಮೆಯಲ್ಲೂ ಒಂದೊಂದು ಸಾಲು ಮುಂದೆ ಹೋಯಿತು. ನನ್ನ ಬಿ.ಇ. ಫೀಜಿನಲ್ಲಿ ಆ ಸಾಲುಗಳ ಕಬ್ಬಿನ ದುಡ್ಡೂ ಸೇರಿದೆ ಎಂದು ಲೆಕ್ಕ ಹಾಕಲು ಕ್ಯಾಲ್ಕುಲೇಟರ್ ಬೇಕಿಲ್ಲ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದೆ. ಅವರು ಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ಏನ್ಲಾ, ಅಪ್ಪನ ಮೇಲೆ ಅರ್ಜಿ ಹಾಕೀಯ?" ಎಂದರು. ನಾನು ಇಲ್ಲ ಎಂದೆ. "ನಾನೊಬ್ನೇ ಬುಟ್ರೆ ದಾರಿ ಆದದಾ? ಆಚೆ ಕಡೆಯೋನು ಬುಡ್ತಾನಾ?" ಎಂದರು. ಅದೂ ನ್ಯಾಯವಾದ ಪ್ರಶ್ನೆಯೇ. ಅವ್ವ ಮಾತ್ರ ಸಾರು ಬಡಿಸುತ್ತಾ, "ಇವ್ನು ನಡೆದದ್ದು ಅದ್ರ ಮೇಲೇ ತಾನೇ" ಎಂದಿಷ್ಟೇ ಅಂದರು.

ನಾನು ಮತ್ತೆ ಆ ಮಾತು ಎತ್ತಲಿಲ್ಲ. ಕಬ್ಬು ಕಡಿದ ಮೇಲೆ, ಶಿವರಾತ್ರಿ ಹೊತ್ತಿಗೆ ಊರಿಗೆ ಹೋದಾಗ, ದಾರಿಯ ಕಡೆಯ ಸಾಲುಗಳ ಕೂಳೆ ಕಿತ್ತು ಬದುವನ್ನು ಒಳಕ್ಕೆ ಹಾಕಿದ್ದರು. ಎಷ್ಟು ಜಾಗ ಬಿಟ್ಟರು ಎಂದು ನಾನು ಅಳೆಯಲಿಲ್ಲ. ಆಚೆ ಗದ್ದೆಯವರು ಮುಂದಿನ ಕಟಾವಿಗೆ ನೋಡೋಣ ಎಂದಿದ್ದಾರೆ. ಗಡಿ ಎಲ್ಲಿ ಎಂಬುದನ್ನು ಮೊಬೈಲ್ ಆ್ಯಪ್ ತೀರ್ಮಾನಿಸಲಾರದು, ಅದಕ್ಕೆ ಭೂಮಾಪಕರೇ ಬಂದು ಅಳೆಯಬೇಕು. ನಕಾಶೆ ಕಂಡ ದಾರಿಯನ್ನು ತೆರವು ಮಾಡಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಆದರೆ ಅರ್ಜಿಗೆ ಮೊದಲು ಊಟದ ಹೊತ್ತಿನ ಮಾತು ಆಗಲಿ ಎಂದು ನನ್ನ ಅಭಿಪ್ರಾಯ.

ಕೆಲಸದ ಮೇಲೆ ನಾನು ಒಂದು ವರ್ಷ ನೆದರ್‌ಲ್ಯಾಂಡ್ಸ್‌ನಲ್ಲಿದ್ದೆ. ಅಲ್ಲಿ ಕಾಲುವೆಯ ಪಕ್ಕದ ದಾರಿಗಳಲ್ಲಿ ಶಾಲೆಯ ಮಕ್ಕಳು ಗುಂಪುಗುಂಪಾಗಿ ಸೈಕಲ್ ತುಳಿಯುವುದನ್ನು ದಿನಾ ನೋಡುತ್ತಿದ್ದೆ. ಹಿಂದೆ ಕುದುರೆಗಳು ದಡದ ಮೇಲೆ ನಡೆದು ಹಗ್ಗದಿಂದ ದೋಣಿ ಎಳೆಯುತ್ತಿದ್ದ ದಾರಿಗಳು ಅವು. ಕುದುರೆ ಹೋಯಿತು, ದಾರಿಯನ್ನು ಉಳಿಸಿಕೊಂಡರು. ಅವರು ಹುಟ್ಟಾ ಹಾಗೆ ಇದ್ದವರೆಂದು ತಿಳಿಯಬೇಡಿ. ಕಾರು ಹೆಚ್ಚಾದ ಕಾಲದಲ್ಲಿ, 1971ರ ಒಂದೇ ವರ್ಷ, ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದು ಚಳವಳಿ ಮಾಡಿದರು. ಆಮೇಲೆ ಬಂದದ್ದು ಈಗಿನ ಸೈಕಲ್ ದಾರಿಗಳು. ಪಕ್ಕದ ಬೆಲ್ಜಿಯಂನಲ್ಲಿ ಗಣಿ ಎಂಜಿನಿಯರ್ ಆಗಿದ್ದ ಹ್ಯೂಗೋ ಬೊಲೆನ್ ಎಂಬುವರು 1990ರ ದಶಕದಲ್ಲಿ ಒಂದು ಸುಲಭ ಉಪಾಯ ಹೂಡಿದರು: ವಾಹನ ಕಡಿಮೆಯಿರುವ ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದು ನಂಬರು. ಸೈಕಲ್ ಸವಾರ ಚೀಟಿಯಲ್ಲಿ ನಾಲ್ಕೈದು ನಂಬರು ಬರೆದುಕೊಂಡರೆ ಸಾಕು, ಫಲಕ ನೋಡುತ್ತಾ ಹೋಗಬಹುದು. ನಮ್ಮಲ್ಲಿ ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ಹಿರಿಯರು ಬಿಟ್ಟುಹೋದ ದಾರಿಗಳು ಕೂಡುವ ಜಾಗಕ್ಕೆ ಒಂದೊಂದು ಕಲ್ಲು ನೆಟ್ಟು ನಂಬರು ಬರೆದರೆ ಅದೇ ದೊಡ್ಡದು.

ಇಷ್ಟು ಹೇಳಿ, ಎಚ್ಚರಿಕೆಯ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾಲೆ ಏರಿ ಸುಂದರವಾಗಿದೆ ಎಂದು ಕಣ್ಣುಮುಚ್ಚಿ ಹೋಗುವಂತಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆದ್ದರಿಂದ ನಾಲೆ ಏರಿಯಲ್ಲಿ ಮಕ್ಕಳು ಒಬ್ಬೊಬ್ಬರೇ ಹೋಗಬಾರದು, ಕತ್ತಲಲ್ಲಿ ಹೋಗಬಾರದು, ನೀರಿಗೆ ಇಳಿಯಬಾರದು. ತಡೆಗೋಡೆ ಇಲ್ಲದ ತಿರುವುಗಳಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು. ಗದ್ದೆ ಬದುವಿನಲ್ಲಿ ಹಾವಿನ ಭಯವಿದೆ, ಮಳೆಗಾಲದಲ್ಲಿ ಜಾರುತ್ತದೆ. ವಾಹನ ಇಲ್ಲವೆಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ. ನಾವು ಹುಡುಕಬೇಕಾದ್ದು ಎರಡೂ ಕಡಿಮೆ ಇರುವ ದಾರಿಯನ್ನು.

ನಾಲ್ಕು ದಾರಿಗಳ ಈಗಿನ ಸ್ಥಿತಿಯನ್ನು ಚುಟುಕಾಗಿ ಹೇಳುತ್ತೇನೆ. ಬಂಡಿದಾರಿ ಒಟ್ಟು 2.6 ಕಿಲೋಮೀಟರ್, ನಡೆಯಲು, ಓಡಲು ಮೂರರಲ್ಲಿ ಎರಡು ಪಾಲು ಈಗಲೂ ಯೋಗ್ಯ. ಉಳಿದದ್ದರಲ್ಲಿ ಮುಳ್ಳು ಸವರಬೇಕು, ಇಬ್ಬರು ಮೂವರು ರೈತರ ಮನಸ್ಸು ಒಲಿಯಬೇಕು. ನಾಲೆ ಏರಿ ಸೈಕಲ್ಲಿಗೆ ಚೆನ್ನಾಗಿದೆ. ಎರಡು ತಿರುವುಗಳಿಗೆ ತಡೆಗೋಡೆ ಬೇಕು. ಕಾಲುದಾರಿ ಇದೆ, ಸಂಕ ಇಲ್ಲ. ಟಾರು ರಸ್ತೆಯನ್ನು ಮಕ್ಕಳಿಗೆ ಬಿಟ್ಟುಕೊಡುವವರು ಯಾರೂ ಇಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಮಾನು ಕಟ್ಟಿಸಲು ಸಮಿತಿ ತೀರ್ಮಾನಿಸಿದೆ. ನಾನೂ ಅದಕ್ಕೆ ಕೈಲಾದಷ್ಟು ಕೊಟ್ಟಿದ್ದೇನೆ, ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಕಮಾನು ಟಾರು ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಅದರೊಳಗೆ ಹಾದು ಬರಲು ಮೊದಲು ಮಗು ಶಾಲೆಯ ತನಕ ಬರಬೇಕಲ್ಲ. ಆದ್ದರಿಂದ ಸಮಿತಿಯ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು: ಉಳಿಯುವ ಹಣದಲ್ಲಿ, ಸಾಲದಿದ್ದರೆ ನಮ್ಮ 2004ರ ತಂಡ ಸೇರಿಸುವ ಹಣದಲ್ಲಿ, ನೀರಾವರಿಯವರ ಒಪ್ಪಿಗೆ ಪಡೆದು, ಆ ಸಂಕದ ಜಾಗದಲ್ಲಿ ಕಂಬಿ ಇರುವ ಒಂದು ಕಬ್ಬಿಣದ ಕಾಲುಸೇತುವೆ ಹಾಕಿಸೋಣ. ನಮ್ಮ ತಂಡದಲ್ಲಿ ಇಬ್ಬರು ಸಿವಿಲ್ ಎಂಜಿನಿಯರುಗಳಿದ್ದಾರೆ, ಅವರು ಬಂದು ಜಾಗ ನೋಡಿಕೊಂಡು ಹೋಗಿದ್ದಾರೆ. ಅದಕ್ಕೆ ಯಾರ ಹೆಸರೂ ಬರೆಸುವುದು ಬೇಡ.

ನಾನು ಗುರುತಿಸಿದ ನಕ್ಷೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. ಅವರ ಕೊಠಡಿಯ ಗೋಡೆಯ ಮೇಲಿದೆ. ಅದರಲ್ಲಿ ಇನ್ನೂ ಖಾಲಿ ಜಾಗಗಳಿವೆ. ಮೊದಲ ತಂಡದವರು, ನಮಗಿಂತ ಹಿರಿಯ ಅಣ್ಣಂದಿರು ಅಕ್ಕಂದಿರು ಮಹೋತ್ಸವಕ್ಕೆ ಬಂದಾಗ ದಯವಿಟ್ಟು ಒಂದು ಗಳಿಗೆ ಅಲ್ಲಿಗೆ ಹೋಗಿ. ಮೇಜಿನ ಮೇಲೆ ಕೆಂಪು ಪೆನ್ನು ಇಟ್ಟಿರುತ್ತಾರೆ. ನೀವು ನಡೆದು ಬಂದ ದಾರಿಯನ್ನು ಗೆರೆ ಹಾಕಿ ತೋರಿಸಿ. ಈಗ ಅಲ್ಲಿ ದಾರಿ ಇಲ್ಲದಿದ್ದರೂ ಪರವಾಗಿಲ್ಲ, ಹಾಕಿ.

ಪಿ.ಟಿ. ಮೇಷ್ಟ್ರು ಕಳೆದ ತಿಂಗಳಿಂದ ಬೆಳಿಗ್ಗೆ ಹನ್ನೊಂದು ಮಕ್ಕಳನ್ನು ಹುಣಸೆತೋಪಿನ ತನಕ ಓಡಿಸಿಕೊಂಡು ಹೋಗಿ ಬರುತ್ತಿದ್ದಾರೆ. ತೋಪಿನಿಂದ ಮುಂದಕ್ಕೆ ಹೋಗಲು ಇನ್ನೂ ಆಗಿಲ್ಲ. ನಾನು ಊರಿಗೆ ಹೋದಾಗ ನನ್ನನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಮಕ್ಕಳೆಲ್ಲ ಮುಂದೆ ಹೋಗಿಬಿಡುತ್ತಾರೆ, ನಾನು ಹಿಂದೆ ಬೀಳುತ್ತೇನೆ. ಅದರಲ್ಲಿ ನನಗೆ ಸಂತೋಷವೇ ಇದೆ.

— ಹಳೆಯ ವಿದ್ಯಾರ್ಥಿ, 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ